ಅರವತ್ತು ಗ್ಯಾಲನ್ ರಮ್ಮು, ಒಂದು ಚಪಾತಿ ಮಣೆ

ಎಂಟು ವರ್ಷದ ಹಿಂದಿನ ಮಾತು. ಪ್ರಾಜೆಕ್ಟ್ ಕೆಲಸದ ಮೇಲೆ ಮೆಲ್ಬರ್ನಿನಲ್ಲಿದ್ದಾಗ ನಾವು ಮೂರು ಜನ ಗೆಳೆಯರು ಆಸ್ಟ್ರೇಲಿಯಾದ ಒಳನಾಡು ನೋಡಲೇಬೇಕು ಅಂತ ಹೊರಟೆವು. ಲಿಂಡ್‌ಹರ್ಸ್ಟ್ ಅನ್ನೋ ಪುಟ್ಟ ಊರಿನಿಂದ ಇನ್ನಮಿಂಕಾಗೆ ಸ್ಟ್ರೆಜ್‌ಲೆಕಿ ಟ್ರ್ಯಾಕ್ ಹಿಡಿದು ಹೋಗಬೇಕು. ಹತ್ತಿರ ಹತ್ತಿರ 470 ಕಿಲೋಮೀಟರು, ಆಗ ಹೆಚ್ಚಿನದೆಲ್ಲ ಮಣ್ಣು ರಸ್ತೆಯಾಗಿತ್ತು, ನಡುವೆ ಒಂದು ಪೆಟ್ರೋಲ್ ಬಂಕ್ ಇರಲಿಲ್ಲ. ಸಾಫ್ಟ್‌ವೇರಿನವರು ಕೇಳಬೇಕೆ, ಎಕ್ಸೆಲ್ ಶೀಟ್ ಮಾಡಿದೆವು. ಎಂಬತ್ತನಾಲ್ಕು ಸಾಲು. ಎರಡು ಸ್ಪೇರ್ ಟೈರು, ಬಾಡಿಗೆ ಸ್ಯಾಟಲೈಟ್ ಫೋನು, ನೀರಿನ ಕ್ಯಾನು, ಡೀಸೆಲ್ ಕ್ಯಾನು, ಟೈರಿಗೆ ಗಾಳಿ ಹೊಡೆಯೋ ಕಂಪ್ರೆಸರ್ರು, ಕೊನೆಗೆ ಕಾಫಿ ಫಿಲ್ಟರಿಗೂ ಒಂದು ಸಾಲು. ನಮ್ಮೂರಿಂದ ಅರಸೀಕೆರೆ ಸಂತೆಗೆ ಎತ್ತಿನಗಾಡಿ ಕಟ್ಟುವಾಗ ನಮ್ಮಜ್ಜ ನೋಡ್ತಿದ್ದದ್ದು ಎರಡೇ, ಕೀಲು ಸರಿ ಇದೆಯಾ, ಕೀಲೆಣ್ಣೆ ಇದೆಯಾ. ನಾನು ಬಿ.ಇ. ಓದಿದವನು, ಎಂಬತ್ತನಾಲ್ಕು ಬೇಕಾಯ್ತು.

ನಾವು ಹೊರಟಿದ್ದು ಒಂದು ಮರ ನೋಡೋಕೆ. ಆ ಮರದ ಕತೆ ಅಂದರೆ ಸಾಮಾನು ಕಟ್ಟಿದ ಕತೆಯೇ.

1860ರ ಆಗಸ್ಟ್ 20. ಮೆಲ್ಬರ್ನಿನ ರಾಯಲ್ ಪಾರ್ಕಿನಲ್ಲಿ ಸುಮಾರು ಹದಿನೈದು ಸಾವಿರ ಜನ ನೆರೆದಿದ್ದರು, ನಮ್ಮಲ್ಲಿ ತೇರು ಎಳೆಯೋ ದಿನದ ಹಾಗೆ. ಖಂಡದ ದಕ್ಷಿಣದಿಂದ ಉತ್ತರದ ಕಾರ್ಪೆಂಟೇರಿಯಾ ಕೊಲ್ಲಿವರೆಗೆ ಅಡ್ಡ ಹಾಯೋದಕ್ಕೆ ಒಂದು ತಂಡ ಹೊರಟಿತ್ತು. ಹತ್ತೊಂಬತ್ತು ಜನ, ಇಪ್ಪತ್ತಾರು ಒಂಟೆ, ಇಪ್ಪತ್ತಮೂರು ಕುದುರೆ, ಆರು ಬಂಡಿ. ಸಾಮಾನು ಸುಮಾರು 20 ಟನ್. ಎರಡು ವರ್ಷಕ್ಕಾಗುವಷ್ಟು ಊಟ, ಓಕ್ ಮರದ ಮೇಜು, ಅದಕ್ಕೆ ಎರಡು ಕುರ್ಚಿ, ಆಕಾಶಕ್ಕೆ ಹಾರಿಸೋ ರಾಕೆಟ್ಟು, ಬಾವುಟ, ಒಂದು ಚೀನೀ ಜಾಗಟೆ. ಜೊತೆಗೆ ಅರವತ್ತು ಗ್ಯಾಲನ್ ರಮ್ಮು, ಕುಡಿಯೋರಿಗಲ್ಲ, ಒಂಟೆಗಳಿಗೆ! ರಮ್ಮು ಕುಡಿಸಿದರೆ ಒಂಟೆಗೆ ಸ್ಕರ್ವಿ ಬರೋದಿಲ್ಲ ಅನ್ನೋ ನಂಬಿಕೆ. ಒಂದು ಬಂಡಿ ಪಾರ್ಕ್ ದಾಟೋ ಮೊದಲೇ ಮುರೀತು. ಮಧ್ಯರಾತ್ರಿ ಹೊತ್ತಿಗೆ ತಲುಪಿದ್ದು ಊರಂಚಿನ ಎಸೆಂಡನ್, ಅಷ್ಟರಲ್ಲಿ ಇನ್ನೆರಡು ಬಂಡಿ ಕೈಕೊಟ್ಟಿದ್ದವು.

ನಾಯಕ ರಾಬರ್ಟ್ ಓ'ಹಾರಾ ಬರ್ಕ್ ಐರ್ಲೆಂಡಿನವನು, ಪೊಲೀಸ್ ಅಧಿಕಾರಿ. ಕಾಡುಮೇಡು ಅಲೆದ ಅನುಭವ ಇಲ್ಲ. ಅಳತೆ, ನಕಾಶೆ ಎಲ್ಲ ನೋಡ್ಕೊಳ್ತಿದ್ದವನು ವಿಲಿಯಂ ಜಾನ್ ವಿಲ್ಸ್ ಅನ್ನೋ ಇಪ್ಪತ್ತಾರರ ಹುಡುಗ.

ನಮಗೂ ಈ ಕತೆಗೂ ಒಂದು ನಂಟಿದೆ. ಒಂಟೆಗಳಲ್ಲಿ ಹೆಚ್ಚಿನವು ಅವಿಭಜಿತ ಇಂಡಿಯಾದವು. ಜಾರ್ಜ್ ಲ್ಯಾಂಡೆಲ್ಸ್ ಅನ್ನೋನು ಕೊಂಡು, ಕರಾಚಿಯಿಂದ ಹಡಗು ಹತ್ತಿಸಿ ತಂದಿದ್ದ. ಲಂಡಾ, ರಾಜಾ, ಗೋಲಾ ಅಂತ ಅವುಗಳ ಹೆಸರು. ಜೊತೆಗೆ ಬಂದ ಒಂಟೆಯವರಲ್ಲಿ ದೋಸ್ತ್ ಮಹಮ್ಮದ್ ಇದ್ದ, ಸಮ್ಲಾ ಅನ್ನೋ ಹಿಂದೂ ಒಬ್ಬನೂ ಇದ್ದ. ಸಮ್ಲಾಗೆ ತಂಡದ ಮಾಂಸದೂಟ ನಿಷಿದ್ಧ. ಬರೀ ಬ್ರೆಡ್ಡು ನೀರಿನಲ್ಲಿ ದಿನ ತಳ್ಳಿ, ಹೊರಟ ಕೆಲವೇ ದಿನಕ್ಕೆ ಕೆಲಸ ಬಿಟ್ಟ. ಇಪ್ಪತ್ತು ಟನ್ ಸಾಮಾನಿನಲ್ಲಿ ಈ ಒಬ್ಬ ಮನುಷ್ಯ ಏನು ಉಣ್ತಾನೆ ಅನ್ನೋ ಯೋಚನೆಗೆ ಜಾಗ ಇರಲಿಲ್ಲ. ನಮ್ಮ ಕಾರಿನಲ್ಲಿ ಕೂತಿದ್ದ ಬೆಳಗಾವಿ ಗೆಳೆಯ ಮೊಟ್ಟೆಯನ್ನೂ ಮುಟ್ಟದವನು. ಅವನಿಗಾಗಿ ಚಟ್ನಿಪುಡಿ, ಅವಲಕ್ಕಿ, ಮೆಲ್ಬರ್ನಿನ ಇಂಡಿಯನ್ ಅಂಗಡಿಯಲ್ಲಿ ಕೊಂಡ ಚಪಾತಿ ಮಣೆ ಎಲ್ಲ ಹೇರಿದ್ದೆವು. ಶೀಟಿನಲ್ಲಿ ಆ ಮಣೆ ಎಪ್ಪತ್ತೊಂಬತ್ತನೇ ಸಾಲು. ಬೇಡ ಅಂದವನು ನಾನೇ.

ಭಾರ ಹೆಚ್ಚಾಯ್ತು ಅಂತ ಬರ್ಕನಿಗೆ ದಾರೀಲಿ ಹೊಳೀತು. ಬಾಲ್ರನಾಲ್ಡ್ ಅನ್ನೋ ಕಡೆ ಒಂದಿಷ್ಟು ಇಳಿಸಿದರು. ಏನು ಇಳಿಸಿದರು ಅಂತ ನೋಡಿ: ಸಕ್ಕರೆ, ನಿಂಬೆರಸ, ಒಂದಷ್ಟು ಬಂದೂಕು. ನಿಂಬೆರಸ ಇದ್ದದ್ದು ಮನುಷ್ಯರಿಗೆ ಸ್ಕರ್ವಿ ಬರದಿರಲಿ ಅಂತ! ಒಂಟೆಗಳ ರಮ್ಮು ಮಾತ್ರ ಮುಂದಕ್ಕೂ ಬಂತು. ಆಮೇಲೆ ಕುರಿ ಉಣ್ಣೆ ಕತ್ತರಿಸೋರು ಆ ರಮ್ಮಿಗೆ ಕೈ ಹಾಕಿ ಅಮಲೇರಿಸಿಕೊಂಡ ಮೇಲೆ, ಅದನ್ನ ಬಿಟ್ಟು ನಡೀರಿ ಅಂದ ಬರ್ಕ್. ಲ್ಯಾಂಡೆಲ್ಸ್ ಜಗಳವಾಡಿ ರಾಜೀನಾಮೆ ಕೊಟ್ಟ. ಮೆನಿಂಡಿ ತಲುಪೋಕೆ ಎರಡು ತಿಂಗಳು ಹಿಡಿದಿತ್ತು. ಅದೇ ದಾರಿಯನ್ನ ಟಪಾಲು ಗಾಡಿ ಒಂದು ವಾರದ ಮೇಲೆ ಸ್ವಲ್ಪ ದಿನದಲ್ಲಿ ಮುಗಿಸ್ತಿತ್ತು.

ಬರ್ಕನಿಗೆ ಅವಸರ. ಅಡಿಲೇಡ್ ಕಡೆಯಿಂದ ಜಾನ್ ಮೆಕ್‌ಡೂಅಲ್ ಸ್ಟುವರ್ಟ್ ಕೂಡ ಅದೇ ಪ್ರಯತ್ನದಲ್ಲಿದ್ದ. ಹೆಚ್ಚಿನ ಸಾಮಾನನ್ನ ಮೆನಿಂಡಿಯಲ್ಲೇ ಬಿಟ್ಟು, ಹಿಂದಿನಿಂದ ತನ್ನಿ ಅಂತ ಹೇಳಿ, ಸಣ್ಣ ತಂಡದ ಜೊತೆ ಕೂಪರ್ ಕ್ರೀಕಿಗೆ ಹೋದ. ಅಲ್ಲಿ ಕಾದ, ಸಾಮಾನು ಬರಲಿಲ್ಲ. ಡಿಸೆಂಬರ್ 16ಕ್ಕೆ ಬರ್ಕ್, ವಿಲ್ಸ್, ಜಾನ್ ಕಿಂಗ್, ಚಾರ್ಲ್ಸ್ ಗ್ರೇ ನಾಲ್ವರೇ ಆರು ಒಂಟೆ, ಒಂದು ಕುದುರೆ, ಮೂರು ತಿಂಗಳ ಊಟ ಹೇರಿಕೊಂಡು ಉರಿ ಬೇಸಿಗೆಯಲ್ಲಿ ಉತ್ತರಕ್ಕೆ ನಡೆದರು. ಅಲ್ಲೀಗ ಡಿಸೆಂಬರ್ ಅಂದರೆ ನಮ್ಮ ಏಪ್ರಿಲ್ ಇದ್ದ ಹಾಗೆ. ಕ್ಯಾಂಪ್ ಕಾಯೋಕೆ ಉಳಿದವರ ಮೇಲೆ ಬ್ರಾಹೆ ಅನ್ನೋನು. ಮೂರು ತಿಂಗಳು ಕಾಯಿ ಅಂದಿದ್ದ ಬರ್ಕ್. ನಾಲ್ಕು ತಿಂಗಳಾದರೂ ಕಾಯಪ್ಪ ಅಂತ ವಿಲ್ಸ್ ಬೇರೆಯಾಗಿ ಕೇಳ್ಕೊಂಡಿದ್ದ.

1861ರ ಫೆಬ್ರವರಿಯಲ್ಲಿ ಕೊಲ್ಲಿ ಹತ್ತಿರ ಹೋದರು. ಉಪ್ಪುನೀರು ಸಿಕ್ಕಿತು, ಕಾಂಡ್ಲಾ ಗಿಡಗಳ ಜೌಗು ಅಡ್ಡ ಬಂದು ಸಮುದ್ರ ಮಾತ್ರ ಕಾಣಲಿಲ್ಲ. ಮೂರು ತಿಂಗಳ ಊಟದಲ್ಲಿ ಎರಡು ತಿಂಗಳದ್ದು ಆಗಲೇ ಖರ್ಚಾಗಿತ್ತು. ವಾಪಸ್ ಬರುವಾಗ ಮಳೆ, ಹಸಿವು. ಒಂಟೆ ಕೊಂದು ತಿಂದರು. ಹಿಟ್ಟು ಕದ್ದ ಅಂತ ಬರ್ಕ್ ಗ್ರೇಯನ್ನ ಹೊಡೆದ. ಏಪ್ರಿಲ್ 17ಕ್ಕೆ ಗ್ರೇ ಸತ್ತ. ಉಳಿದವರಿಗೆ ಗುಂಡಿ ತೋಡೋ ಶಕ್ತಿಯೂ ಇಲ್ಲ, ಹೂಳೋಕೆ ಒಂದು ದಿನ ಅಲ್ಲೇ ನಿಂತರು.

ಆ ಒಂದು ದಿನವನ್ನ ನಾನು ಎಷ್ಟು ಸಲ ಲೆಕ್ಕ ಹಾಕಿದ್ದೀನೋ. ಏಪ್ರಿಲ್ 21ರ ಸಂಜೆ ಮೂವರು ಕ್ಯಾಂಪಿಗೆ ಬಂದರೆ ಯಾರೂ ಇಲ್ಲ. ಹದಿನೆಂಟು ವಾರ ಕಾದಿದ್ದ ಬ್ರಾಹೆ ಅದೇ ದಿನ ಬೆಳಿಗ್ಗೆ ಹೊರಟಿದ್ದ. ಕೂಲಿಬಾ ಮರದ ಮೇಲೆ 'ಅಗೆಯಿರಿ' ಅಂತ ಕೆತ್ತಿ, ಬುಡದಲ್ಲಿ ಒಂದಷ್ಟು ಊಟದ ಸಾಮಾನು ಹೂತಿದ್ದ. ಓಟ್ಸ್ ಹಿಟ್ಟು, ಸಕ್ಕರೆ, ಒಣಮಾಂಸ. ಬಟ್ಟೆ ಇಟ್ಟಿರಲಿಲ್ಲ. ಚಿಂದಿ ತೊಟ್ಟು ಚಳಿಗಾಲಕ್ಕೆ ಕಾಲಿಟ್ಟವರಿಗೆ ಬೇಕಿದ್ದದ್ದರಲ್ಲಿ ಅದೂ ಒಂದು.

ಮುಂದಿನದು ನನ್ನ ವೃತ್ತಿಯವರು ಕೇಳಿದರೆ ತಲೆ ಚಚ್ಚಿಕೊಳ್ಳೋ ಭಾಗ. ಸುಮಾರು 240 ಕಿ.ಮೀ. ದೂರದ ಮೌಂಟ್ ಹೋಪ್‌ಲೆಸ್ ಕಡೆ ಹೋಗೋಣ ಅಂತ ತೀರ್ಮಾನಿಸಿ, ಚೀಟಿ ಬರೆದು ಅದೇ ಗುಂಡಿಯೊಳಗೆ ಹೂತು, ಮಣ್ಣನ್ನ ಮೊದಲಿದ್ದ ಹಾಗೇ ಮುಚ್ಚಿದರು. ಮರದ ಮೇಲಿನ ಬರಹ ಬದಲಿಸಲಿಲ್ಲ, ಹೊಸ ಗುರುತು ಹಾಕಲಿಲ್ಲ. ಮೇ 8ಕ್ಕೆ ಬ್ರಾಹೆ, ಇನ್ನೊಬ್ಬನ ಜೊತೆ ಕುದುರೆ ಏರಿ ಅಲ್ಲಿಗೇ ಬಂದ. ನೋಡಿದ. ಏನೂ ಬದಲಾಗಿಲ್ಲ. ಯಾರೂ ಬಂದಿಲ್ಲ ಅಂದುಕೊಂಡು ಹೊರಟುಹೋದ. ಆ ಹೊತ್ತಿಗೆ ಮೂವರೂ ಅದೇ ಹಳ್ಳದ ದಂಡೆಯಲ್ಲಿ ಜೀವಂತ ಇದ್ದರು. ಲಂಡಾ ಕೆಸರಲ್ಲಿ ಹೂತು ಸತ್ತಿತ್ತು. ಆಮೇಲೆ ರಾಜಾನೂ ಹೋಯ್ತು. ನೀರು ಹೊರೋ ಒಂಟೆ ಇಲ್ಲದೆ ಕ್ರೀಕ್ ಬಿಟ್ಟು ದೂರ ಹೋಗೋ ಹಾಗಿಲ್ಲ.

ಅಲ್ಲಿನ ಯಾಂಡ್ರುವಾಂಧಾ ಜನ ಮೀನು ಕೊಟ್ಟರು, ನಾರ್ಡೂ ಅನ್ನೋ ಜರಿಗಿಡದ ಬೀಜಕೋಶದ ಹಿಟ್ಟು ಕೊಟ್ಟರು. ಬರ್ಕ್ ಒಮ್ಮೆ ಅವರತ್ತ ಪಿಸ್ತೂಲು ಹಾರಿಸಿದ, ಅವರು ದೂರ ಸರಿದರು. ಆಮೇಲೆ ಇವರೇ ನಾರ್ಡೂ ಕುಟ್ಟಿ ತಿಂದರು. ಹೊಟ್ಟೆ ತುಂಬ್ತಿತ್ತು, ಕಾಲು ಮಾತ್ರ ಸೋಲ್ತಿತ್ತು. ನಾರ್ಡೂವಿನಲ್ಲಿ ಬಿ1 ಜೀವಸತ್ವವನ್ನ ನಾಶ ಮಾಡೋ ಅಂಶ ಇದೆ. ಆ ಜನ ಹದ ಮಾಡ್ತಿದ್ದ ಕ್ರಮ ಇವರು ಕಲಿಯಲಿಲ್ಲ, ಬೆರಿಬೆರಿ ಬಂದು ಸತ್ತಿರಬೇಕು ಅಂತ ಈಚಿನ ಕೆಲವು ಸಂಶೋಧಕರು ವಾದಿಸಿದ್ದಾರೆ. ಜೂನ್ ಕೊನೆಯ ಹೊತ್ತಿಗೆ ವಿಲ್ಸ್, ಬರ್ಕ್ ಇಬ್ಬರೂ ತೀರಿಕೊಂಡರು. ಉಳಿದವನು ಕಿಂಗ್, ಇಂಡಿಯಾದಲ್ಲಿ ಸೈನಿಕನಾಗಿದ್ದು ಒಂಟೆಗಳ ಜೊತೆ ಬಂದವನು. ಅವನು ಯಾಂಡ್ರುವಾಂಧಾ ಜನರ ಬಳಿ ಹೋಗಿ ಸೇರಿಕೊಂಡ. ಅವರು ಸಾಕಿದರು. ಸೆಪ್ಟೆಂಬರ್ 15ಕ್ಕೆ ಹುಡುಕಿ ಬಂದವರಿಗೆ ಜೀವಂತ ಸಿಕ್ಕ.

ಮರುವರ್ಷ ಸ್ಟುವರ್ಟ್ ಕುದುರೆಗಳ ಮೇಲೆ ಹಗುರಾಗಿ ಹೋಗಿ ಉತ್ತರದ ಸಮುದ್ರ ಮುಟ್ಟಿದ, ತನ್ನವರನ್ನೆಲ್ಲ ಜೀವಸಮೇತ ಕರ್ಕೊಂಡು ಬಂದ.

ಇನ್ನು ನಮ್ಮ ಕತೆ. ಲಿಂಡ್‌ಹರ್ಸ್ಟ್ ಬಿಟ್ಟ ಮೂರನೇ ಗಂಟೆಗೆ ಹಿಂದಿನ ಟೈರು ಹೋಯ್ತು. ಸ್ಪೇರ್ ಎರಡಿವೆ, ಭಯವೇನು? ಜಾಕ್ ಇಟ್ಟು ತಿರುಗಿಸಿದರೆ ಕಾರು ಮೇಲೇಳೋ ಬದಲು ಜಾಕೇ ಮರಳಿಗೆ ಇಳೀತಿದೆ. ಎಂಬತ್ತನಾಲ್ಕು ಸಾಲಿನಲ್ಲಿ ಜಾಕಿನ ಕೆಳಗಿಡೋ ಹಲಗೆ ಇಲ್ಲ. ಸುತ್ತ ನೋಡಿದರೆ ಕಲ್ಲೂ ಇಲ್ಲ. ಬಾಡಿಗೆಯ ಸ್ಯಾಟಲೈಟ್ ಫೋನು ಆನ್ ಮಾಡಿದರೆ ಪಿನ್ ಕೇಳ್ತು. ಪಿನ್ ಇದ್ದ ಇಮೇಲು ಮೊಬೈಲಿನಲ್ಲಿ, ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಒಂದೂವರೆ ಗಂಟೆ ಯಾವ ಗಾಡಿಯೂ ಬರಲಿಲ್ಲ. ನಾವು ಮೂವರೂ ಮಾತು ಬಿಟ್ಟಿದ್ದೆವು. ಕೊನೆಗೆ ಬೆಳಗಾವಿಯವನು ಎದ್ದು ಡಿಕ್ಕಿಯಿಂದ ಚಪಾತಿ ಮಣೆ ತಂದು ನನ್ನ ಮುಂದೆ ಹಿಡಿದ. ಏನೂ ಅನ್ನಲಿಲ್ಲ, ಪುಣ್ಯಾತ್ಮ.

ಮಣೆ ಚಟ್ ಅಂತ ಸದ್ದು ಮಾಡಿತು, ಆದರೆ ತಡೀತು.

ಮಾರನೇ ದಿನ ಆ ಮರದ ಕೆಳಗೆ ನಿಂತೆವು. ಕೂಪರ್ ಕ್ರೀಕಿನಲ್ಲಿ ನೀರಿತ್ತು, ಹಕ್ಕಿಗಳಿದ್ದವು. ಹಸಿವಿನಿಂದ ಸಾಯೋ ಜಾಗದ ಹಾಗೆ ಕಾಣಲೇ ಇಲ್ಲ. ಕೆತ್ತಿದ ಗಾಯವನ್ನ ತೊಗಟೆ ಬಹುಪಾಲು ಮುಚ್ಚಿಬಿಟ್ಟಿದೆ. ಆ ರಾತ್ರಿ ಬಿರುಕು ಬಿಟ್ಟ ಮಣೆಯ ಮೇಲೇ ಚಪಾತಿ ಲಟ್ಟಿಸಿದೆವು. ಒಂದೊಂದರ ನಡುವೆಯೂ ಒಂದು ಗೆರೆ ಬಂತು.