ಕಛೇರಿ ಜಾಲತಾಣದ ಮುಖಪುಟದಲ್ಲಿ ಇರಬೇಕಾದ ಬರಹ – ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಸರ್ಕಾರಿ ಕಛೇರಿಯ ಜಾಲತಾಣದ ಮುಖಪುಟವು ಕಛೇರಿಯ ಬಾಗಿಲಿನಲ್ಲಿರುವ ಸೂಚನಾ ಫಲಕಕ್ಕೆ ಸಮಾನವಾದುದು. ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಅರ್ಜಿದಾರರಲ್ಲಿ ಅನೇಕರು ಸಣ್ಣ ಹಿಡುವಳಿದಾರರು ಹಾಗೂ ದಿನಗೂಲಿಯವರು. ಮುಖಪುಟದಲ್ಲಿ ಅಗತ್ಯ ದಾಖಲೆಯೊಂದರ ಹೆಸರು ಬಿಟ್ಟುಹೋಗಿದ್ದಲ್ಲಿ, ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಗ್ರಾಮದಿಂದ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಒಂದು ದಿನದ ಕೂಲಿ ಮತ್ತು ಬಸ್ಸಿನ ವೆಚ್ಚ ಎರಡೂ ಅವರಿಗೆ ನಷ್ಟ. ಮುಖಪುಟದ ಬರಹ ಹೇಗಿರಬೇಕು ಹಾಗೂ ಅದರಲ್ಲಿ ಕೊರತೆ ಕಂಡುಬಂದಲ್ಲಿ ಸಾರ್ವಜನಿಕರು ಏನು ಮಾಡಬಹುದು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

1. ಕಾನೂನಿನ ಆಧಾರ

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಅನ್ವಯ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು ತನ್ನ ಕರ್ತವ್ಯ, ಅಧಿಕಾರಿಗಳು ಮತ್ತು ಕಾರ್ಯವಿಧಾನ ಮೊದಲಾದ 17 ಬಾಬುಗಳ ವಿವರವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸತಕ್ಕದ್ದು. ಇಂತಹ ಮಾಹಿತಿಯನ್ನು ಪ್ರಸಾರ ಮಾಡುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದು ಪ್ರಕರಣ 4(4) ತಿಳಿಸುತ್ತದೆ. ಆದುದರಿಂದ ಸ್ಪಷ್ಟವಾದ ಮುಖಪುಟವು ನಾಗರಿಕರಿಗೆ ಕಛೇರಿ ತೋರುವ ಸೌಜನ್ಯವೆಂದು ಭಾವಿಸಬೇಕಾಗಿಲ್ಲ; ಅದು ಅವರ ಹಕ್ಕಿಗೆ ಸೇರಿದುದು.

2. ಮೊದಲ ಸಾಲು: ಯಾವ ಊರಿಗೆ ಯಾವ ಕಛೇರಿ

ಮುಖಪುಟದ ಮೊದಲ ಸಾಲಿನಲ್ಲಿಯೇ ಕಛೇರಿಯ ವ್ಯಾಪ್ತಿಗೆ ಸೇರಿದ ಹೋಬಳಿಗಳ ಹೆಸರು ಇರಬೇಕು. ನಮ್ಮ ಭಾಗದಲ್ಲಿ ಇದಕ್ಕೆ ವಿಶೇಷ ಕಾರಣವಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಂತರ ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಯಿತು. 2017-18ನೇ ಸಾಲಿನ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಹನೂರು ಸಹ ಒಂದಾಗಿದ್ದು, ಅದಕ್ಕೂ ಮೊದಲು ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿತ್ತು.

ಹೀಗಾಗಿ ಹನೂರು ಭಾಗದ ಒಂದೇ ಕುಟುಂಬದ ಕಾಗದಪತ್ರಗಳಲ್ಲಿ ಅಜ್ಜನ ಕಾಲದ ದಾಖಲೆಯಲ್ಲಿ ಕೊಯಮತ್ತೂರು ಜಿಲ್ಲೆ, ತಂದೆಯ ದಾಖಲೆಯಲ್ಲಿ ಮೈಸೂರು ಜಿಲ್ಲೆ, ಮಗನ ದಾಖಲೆಯಲ್ಲಿ ಚಾಮರಾಜನಗರ ಜಿಲ್ಲೆ ಎಂದು ನಮೂದಾಗಿರಬಹುದು. ಊರು ಇದ್ದಲ್ಲಿಯೇ ಇದೆ. ಜಿಲ್ಲೆ ಮತ್ತು ತಾಲ್ಲೂಕಿನ ಹೆಸರು ಮಾತ್ರ ಬದಲಾಗಿದೆ. ಹೆಸರು ಬದಲಾದ ಮಾತ್ರಕ್ಕೆ ಹಳೆಯ ದಾಖಲೆ ಅಮಾನ್ಯವಾಗುವುದಿಲ್ಲ ಎಂಬ ಒಂದು ವಾಕ್ಯವು ಮುಖಪುಟದಲ್ಲಿದ್ದರೆ ಅರ್ಜಿದಾರರ ಆತಂಕ ದೂರವಾಗುತ್ತದೆ. ಹನೂರಿನಲ್ಲಿ ಆಗಬೇಕಾದ ಕೆಲಸಕ್ಕೆ ಸುಮಾರು 25 ಕಿ.ಮೀ. ದೂರದ ಕೊಳ್ಳೇಗಾಲಕ್ಕೆ ಹೋಗಿಬರುವುದೂ ತಪ್ಪುತ್ತದೆ.

3. ಪ್ರತಿ ಸೇವೆಗೆ ಐದು ವಿವರಗಳು

ಅ) ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕು: ನಾಡಕಛೇರಿ, ತಾಲ್ಲೂಕು ಕಛೇರಿ ಅಥವಾ ಸೇವಾ ಸಿಂಧು ಜಾಲತಾಣ.
ಆ) ಯಾವ ದಾಖಲೆ ಬೇಕು, ಮೂಲಪ್ರತಿಯೋ, ನಕಲೋ.
ಇ) ಶುಲ್ಕ ಎಷ್ಟು.
ಈ) ಎಷ್ಟು ದಿನಗಳಲ್ಲಿ ದೊರೆಯುತ್ತದೆ.
ಉ) ದೊರೆಯದಿದ್ದಲ್ಲಿ ಯಾವ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು.

ಇವುಗಳಲ್ಲಿ ಕೊನೆಯ ಎರಡು ವಿವರಗಳೇ ಹೆಚ್ಚಾಗಿ ಬಿಟ್ಟುಹೋಗುವಂತಹವು. ದಿನಾಂಕ 2-4-2012ರಿಂದ ರಾಜ್ಯದಾದ್ಯಂತ ಜಾರಿಯಲ್ಲಿರುವ ಸಕಾಲ ಅಧಿನಿಯಮದ ಅನುಸೂಚಿಯಲ್ಲಿ ಸೇರಿರುವ ಪ್ರತಿ ಸೇವೆಗೂ ಕಾಲಮಿತಿ ನಿಗದಿಯಾಗಿದೆ. ವಿಳಂಬವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ಪಡೆಯಲು ಅವಕಾಶವಿದೆ. ಸ್ವೀಕೃತಿಯಲ್ಲಿರುವ 15 ಅಂಕಿಗಳ ಸಕಾಲ ಸಂಖ್ಯೆಯನ್ನು ಅರ್ಜಿದಾರರು ತಪ್ಪದೆ ಕಾಯ್ದಿರಿಸಿಕೊಳ್ಳತಕ್ಕದ್ದು.

4. ವಾಕ್ಯ ರಚನೆ

ಉದಾಹರಣೆಗೆ ಈ ವಾಕ್ಯವನ್ನು ಗಮನಿಸಿ: “ಅರ್ಹ ಅರ್ಜಿದಾರರು ನಿಯಮಾನುಸಾರ ಅಗತ್ಯ ದಾಖಲಾತಿಗಳೊಂದಿಗೆ ಸಂಬಂಧಪಟ್ಟ ಕಛೇರಿಯನ್ನು ಸಂಪರ್ಕಿಸತಕ್ಕದ್ದು.” ಇದರಲ್ಲಿ ವ್ಯಾಕರಣ ದೋಷವಿಲ್ಲ, ಆದರೆ ಯಾರು, ಏನು, ಎಲ್ಲಿ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವಿಲ್ಲ. ಇದನ್ನೇ ಹೀಗೆ ಬರೆಯಬಹುದು: “ರಾಮಾಪುರ ಹೋಬಳಿಯ ನಿವಾಸಿಗಳು ಆದಾಯ ಪ್ರಮಾಣಪತ್ರಕ್ಕಾಗಿ ರಾಮಾಪುರ ನಾಡಕಛೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಯಲ್ಲಿ ತರಬೇಕು.”

ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಾಗಲೀ ಬಯಲಿನ ಗ್ರಾಮಗಳಲ್ಲಾಗಲೀ, ಮೊಬೈಲ್‌ನಲ್ಲಿ ಬಂದ ಸೂಚನೆಯನ್ನು ಓದುಬರಹ ಬಲ್ಲ ಒಬ್ಬರು ಓದಿ ಹೇಳುವುದು, ಉಳಿದವರು ಕೇಳುವುದು ಸಾಮಾನ್ಯ. ಆದುದರಿಂದ ಬರಹವು ಕಿವಿಗೆ ಕೇಳಿದಾಗಲೂ ಅರ್ಥವಾಗುವಂತಿರಬೇಕು. ಪಹಣಿ, ಖಾತೆ, ಪಡಿತರ ಚೀಟಿ ಮುಂತಾಗಿ ಜನರು ಬಳಸುವ ಪದಗಳನ್ನೇ ಬಳಸುವುದು ಸೂಕ್ತ.

5. ಅಕ್ಷರ ಮತ್ತು ದಿನಾಂಕ

ಆದೇಶದ ಪ್ರತಿಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದರೆ ಸಾಕಾಗುವುದಿಲ್ಲ. ಅದರಲ್ಲಿರುವ ಪದಗಳನ್ನು ಹುಡುಕುವುದು ಕಷ್ಟ. ದೃಷ್ಟಿದೋಷವುಳ್ಳವರಿಗಾಗಿ ಇರುವ ಓದುವ ತಂತ್ರಾಂಶಕ್ಕೂ ಅದು ಸರಿಯಾಗಿ ದೊರೆಯುವುದಿಲ್ಲ. ಯುನಿಕೋಡ್ ಅಕ್ಷರಗಳಲ್ಲಿ ಮುದ್ರಿಸಿದ ಪಠ್ಯವು ಯಾವುದೇ ಮೊಬೈಲ್‌ನಲ್ಲಿ ಓದಲು ಬರುತ್ತದೆ. ಪುಟವನ್ನು ಕೊನೆಯ ಬಾರಿ ಪರಿಷ್ಕರಿಸಿದ ದಿನಾಂಕವನ್ನು ಕಡ್ಡಾಯವಾಗಿ ನಮೂದಿಸಬೇಕು. ದಿನಾಂಕವಿಲ್ಲದ ಶುಲ್ಕದ ಪಟ್ಟಿಯನ್ನು ನಂಬಿ ಹಣ ಹೊಂದಿಸಿಕೊಂಡು ಬಂದವರಿಗೆ ತೊಂದರೆಯಾಗುತ್ತದೆ.

6. ಕೊರತೆ ಕಂಡುಬಂದಲ್ಲಿ

ಮೇಲ್ಕಂಡ ವಿವರಗಳು ಪ್ರಕಟವಾಗಿಲ್ಲದಿದ್ದಲ್ಲಿ ಸಂಬಂಧಿಸಿದ ಕಛೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಅರ್ಜಿಯನ್ನು ಹೀಗೆ ಬರೆಯಬಹುದು: “ಹನೂರು ತಾಲ್ಲೂಕಿನ ನಿವಾಸಿಗಳಿಗೆ ಜಾತಿ ಪ್ರಮಾಣಪತ್ರ ನೀಡಲು ಬೇಕಾದ ದಾಖಲೆಗಳ ಪಟ್ಟಿ, ಶುಲ್ಕ, ಕಾಲಮಿತಿ ಮತ್ತು ಮೇಲ್ಮನವಿ ಅಧಿಕಾರಿಯ ಪದನಾಮವನ್ನು ಒದಗಿಸಲು ಕೋರುತ್ತೇನೆ.”

ನಾಗರಿಕರ ಅರ್ಜಿಗೆ 150 ಪದಗಳು ಸಾಕೆಂದು ನಿಯಮವು ಭಾವಿಸಿರುವಾಗ, ಕಛೇರಿಯೂ ಒಂದು ಸೇವೆಯ ವಿವರವನ್ನು ಅಷ್ಟೇ ಪದಗಳಲ್ಲಿ ನೀಡಲು ಸಾಧ್ಯವಿದೆ.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.