ಬರಿಗಾಲಿನ ಫುಟ್‌ಬಾಲ್: ಬೆಂಗಳೂರು ಮುಸ್ಲಿಮ್ಸ್ ಮತ್ತು ದಂಡು ಪ್ರದೇಶ

ಬೆಂಗಳೂರಿನ ದಂಡು ಪ್ರದೇಶಕ್ಕೆ ಫುಟ್‌ಬಾಲ್ ತಂದವರು ಬ್ರಿಟಿಷ್ ಸೈನಿಕರು. ಅವರ ಆಟ ನೋಡುತ್ತ ಹಲಸೂರು, ಗೌತಮಪುರ, ಆಸ್ಟಿನ್ ಟೌನ್‌ನ ಹುಡುಗರು ಅದನ್ನು ತಮ್ಮದಾಗಿಸಿಕೊಂಡರು. ಬೂಟು ಕೈಗೆಟುಕುವ ವಸ್ತುವಾಗಿರಲಿಲ್ಲ. ಕಣಕಾಲಿಗೆ ಬಟ್ಟೆಯ ಪಟ್ಟಿ ಬಿಗಿದು ಬರಿಗಾಲಲ್ಲೇ ಆಡಿದರು. ಚೆಂಡಿನ ಮೇಲಿನ ಅವರ ಹಿಡಿತ ಬೆಳೆದದ್ದು ಹಾಗೆ.

1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ ದಶಕಗಳ ಕಾಲ ಸೇನಾ ತಂಡಗಳ ಸ್ವತ್ತಾಗಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ ಅದನ್ನು ಗೆದ್ದಿತು. ಈ ಕಪ್ ಎತ್ತಿದ ಮೊದಲ ಭಾರತೀಯ ತಂಡ ಇದೇ. ಮರುವರ್ಷ ಫೈನಲ್‌ನಲ್ಲಿ ಬ್ರಿಟಿಷ್ ಸೇನಾ ತಂಡವೊಂದನ್ನೇ ಮಣಿಸಿ ಕಪ್ ಉಳಿಸಿಕೊಂಡಿತು. ಆಳುವವರ ಆಟದಲ್ಲಿ ಆಳುವವರನ್ನೇ ಸೋಲಿಸಿದ ಆ ಗೆಲುವಿಗೆ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಇನ್ನೂ ಹೆಚ್ಚಿನ ಜಾಗ ಸಿಗಬೇಕು.

ಈ ಕ್ಲಬ್ಬಿಗೆ ಆಡಿದ ಅಹ್ಮದ್ ಖಾನ್ ಮುಂದೆ ಈಸ್ಟ್ ಬೆಂಗಾಲ್ ತಂಡದ ಐವರು ಮುಂಚೂಣಿ ಆಟಗಾರರಾದ 'ಪಂಚಪಾಂಡವ'ರಲ್ಲಿ ಒಬ್ಬರಾದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರ ಜೊತೆಗಿದ್ದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತರೂ, ದೇಶದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ರಾಮನ್ ಅವರದು. ಅಂದು ಭಾರತೀಯರಲ್ಲಿ ಬಹುತೇಕರು ಬರಿಗಾಲಲ್ಲೇ ಆಡಿದ್ದರು.

ಗೌತಮಪುರದಲ್ಲಿ ಇಂದು ಬ್ರೆಜಿಲ್‌ನ ಪೆಲೆಯ ಪ್ರತಿಮೆ ಇದೆ. ವಿಶ್ವಕಪ್ ಬಂತೆಂದರೆ ಇಡೀ ಬಡಾವಣೆ ಬೀದಿಗಿಳಿದು ಒಟ್ಟಿಗೆ ಪಂದ್ಯ ನೋಡುತ್ತದೆ.