ಎರಡು ಭಾಗ ಹೊಲ, ಒಂದು ಪ್ರಶ್ನೆ

ವಿಜಯಪುರದ ಬಳಿಯ ಜೈನಾಪುರಕ್ಕೆ ಕಲ್ಪನೆಯಲ್ಲೇ ಹೋಗಿಬರೋಣ. ಐವರು ರೈತರು ತಮ್ಮ ತಮ್ಮ ಹೊಲವನ್ನು ಎರಡು ಭಾಗ ಮಾಡಿ, ಒಂದಕ್ಕೆ ಒಡ್ಡು ಹಾಕಿ ಮಳೆನೀರು ತಡೆದರು, ಇನ್ನೊಂದನ್ನು ಹಾಗೆಯೇ ಬಿಟ್ಟರು ಎನ್ನಿ. ಎರಡರಲ್ಲೂ ಹಿಂಗಾರಿ ಜೋಳ. ಒಡ್ಡಿಲ್ಲದ ಭಾಗದಲ್ಲಿ ಎಕರೆಗೆ 3, 4, 5, 6, 7 ಕ್ವಿಂಟಲ್ ಬಂತು. ಒಡ್ಡು ಹಾಕಿದ ಭಾಗದಲ್ಲಿ, ಅದೇ ರೈತರ ಕ್ರಮದಲ್ಲಿ, 3.5, 5, 5.5, 7, 7.5. ಇದು ಒಡ್ಡಿನ ಗುಣವೋ, ಬರಿಯ ಆಕಸ್ಮಿಕವೋ? ಒಡ್ಡಿಗೆ ದುಡ್ಡೂ ಬೇಕು, ದುಡಿಮೆಯೂ ಬೇಕು. ಬರ ಕಂಡ ಸೀಮೆಯಲ್ಲಿ ಉತ್ತರ ತಪ್ಪಿದರೆ ನಷ್ಟ ರೈತನದು. 1933ರಲ್ಲಿ ಬಿಜಾಪುರ, ಸೊಲ್ಲಾಪುರಗಳಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾದಾಗ ಎದುರಿದ್ದದ್ದು ಇಂಥ ಪ್ರಶ್ನೆಗಳೇ.

ಐದೇ ಹೊಲಗಳಿಂದ ಏನು ಹೇಳಲಾದೀತು ಎಂದು ನೀವು ಕೇಳಬಹುದು. ಡಬ್ಲಿನ್‌ನ ಗಿನ್ನೆಸ್ ಬಿಯರ್ ತಯಾರಿಕಾ ಸಂಸ್ಥೆಯಲ್ಲಿದ್ದ ವಿಲಿಯಂ ಗಾಸೆಟ್ ಅವರಿಗೂ ಇದೇ ತೊಡಕು. ಆ ಕಾಲದ ಸಂಖ್ಯಾಶಾಸ್ತ್ರ ನೂರಾರು ಅಳತೆಗಳನ್ನು ಬೇಡುತ್ತಿತ್ತು; ಅವರ ಕೈಯಲ್ಲಿದ್ದವು ಕೆಲವೇ. 1908ರಲ್ಲಿ ಅವರು ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಲೇಖನ ಪ್ರಕಟಿಸಿದರು. ಇಂದಿನ ‘ಟಿ’ ಪರೀಕ್ಷೆಯ ಮೂಲ ಅದೇ. ವಿಜ್ಞಾನ ಪದವಿಗೆ ಓದುವಾಗ ನಾನು ಆ ಸೂತ್ರವನ್ನು ಬಾಯಿಪಾಠ ಮಾಡಿದ್ದೆ. ‘ಸ್ಟೂಡೆಂಟ್’ ಎಂದರೆ ವಿದ್ಯಾರ್ಥಿಗಳಿಗಾಗಿ ಮಾಡಿದ ಪರೀಕ್ಷೆ ಎಂದೇ ಬಹುಕಾಲ ನಂಬಿದ್ದೆ!

ಈಗ ನಮ್ಮ ಹೊಲಕ್ಕೆ ಬನ್ನಿ. ಐದು ಅಂಕಿಗಳ ಒಂದು ಗುಂಪು, ಇನ್ನೈದರ ಮತ್ತೊಂದು ಗುಂಪು ಎಂದು ಬೇರೆ ಬೇರೆಯಾಗಿ ಹೋಲಿಸಿದರೆ ‘ಟಿ’ ಬೆಲೆ ಸುಮಾರು 0.7. ನೂರಕ್ಕೆ ಐದರ ಮಟ್ಟದಲ್ಲಿ ದಾಟಬೇಕಾದ ಗಡಿ 2.306. ಒಡ್ಡಿನಿಂದ ಪ್ರಯೋಜನವಾಗಿದೆ ಎನ್ನಲು ಸಾಕ್ಷ್ಯವಿಲ್ಲ! ಆದರೆ ಒಬ್ಬೊಬ್ಬ ರೈತನ ಎರಡು ಭಾಗಗಳ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳಿ: 0.5, 1, 0.5, 1, 0.5. ಈಗ ‘ಟಿ’ ಸುಮಾರು 5.7, ಗಡಿ 2.776. ಅಂಕಿಗಳು ಅವೇ ಹತ್ತು, ತೀರ್ಪು ತದ್ವಿರುದ್ಧ. ಮೊದಲ ಲೆಕ್ಕದಲ್ಲಿ ಒಬ್ಬನ ಹೊಲ ಫಲವತ್ತು, ಇನ್ನೊಬ್ಬನದು ಬಡಕಲು ಎಂಬ ಅಂತರವು ಒಡ್ಡಿನ ಫಲವನ್ನು ಮರೆಮಾಡಿತ್ತು. ಜೋಡಿ ಮಾಡಿದಾಗ ಆ ಅಂತರ ಕಳೆದುಹೋಯಿತು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಡಾರ್ವಿನ್ ಅಡ್ಡ ಪರಾಗಸ್ಪರ್ಶದ ಮತ್ತು ಸ್ವಪರಾಗಸ್ಪರ್ಶದ ಮೆಕ್ಕೆಜೋಳದ ಸಸಿಗಳನ್ನು 15 ಜೋಡಿಗಳಾಗಿ ಬೆಳೆಸಿದ್ದರು. ಲೆಕ್ಕಕ್ಕೆ ಕೂತ ಗಾಲ್ಟನ್ ಆ ಜೋಡಿಗಳನ್ನು ಮುರಿದು, ಎತ್ತರದ ಕ್ರಮದಲ್ಲಿ ಹೊಸದಾಗಿ ಜೋಡಿಸಿದರು. 1935ರಲ್ಲಿ ರೊನಾಲ್ಡ್ ಫಿಶರ್ ತಮ್ಮ ಪುಸ್ತಕದಲ್ಲಿ ಈ ತಪ್ಪನ್ನು ತೋರಿಸಿಕೊಟ್ಟರು. ಯಾವ ಭಾಗಕ್ಕೆ ಒಡ್ಡು ಎಂಬುದನ್ನು ರೈತ ತನ್ನಿಷ್ಟಕ್ಕೆ ಆರಿಸದೆ, ಚೀಟಿ ಎತ್ತಿ ನಿರ್ಧರಿಸಬೇಕೆಂಬುದೂ ಫಿಶರ್ ಅವರದೇ ಪಾಠ.

ಜೋಡಿಯೇ ಇಲ್ಲದಿದ್ದರೆ? ಐವರು ಒಡ್ಡು ಹಾಕಿದರು, ಬೇರೆ ಐವರು ಹಾಕಲಿಲ್ಲ ಎಂದಾಗ ಬೇರೆ ಬೇರೆ ಗುಂಪುಗಳ ‘ಟಿ’ ಪರೀಕ್ಷೆಯೇ ಸರಿ. ಒಂದು ಗುಂಪಿನ ಏರಿಳಿತ ಇನ್ನೊಂದಕ್ಕಿಂತ ಬಹಳ ಹೆಚ್ಚಿದ್ದರೆ ವೆಲ್ಚ್ 1947ರಲ್ಲಿ ಕೊಟ್ಟ ತಿದ್ದುಪಡಿ ಇದೆ. ಅಂಕಿಗಳು ತೀರ ಒರಟಾಗಿದ್ದು, ಒಂದೆರಡು ಬೆಲೆ ಸರಾಸರಿಯನ್ನೇ ಎಳೆದೊಯ್ಯುವಂತಿದ್ದರೆ? ರಸಾಯನಶಾಸ್ತ್ರಜ್ಞ ವಿಲ್ಕಾಕ್ಸನ್ 1945ರಲ್ಲಿ ಸುಲಭ ದಾರಿ ತೋರಿದರು: ಬೆಲೆಗಳ ಬದಲು ಅವುಗಳ ಸ್ಥಾನಗಳನ್ನು, ಅಂದರೆ ಒಂದನೆಯದು, ಎರಡನೆಯದು ಎಂಬ ಕ್ರಮವನ್ನು ಹೋಲಿಸಿ.

ಗುಂಪುಗಳನ್ನು ಒಂದೇ ಅಳತೆಯಿಂದಲ್ಲ, ಹಲವು ಅಳತೆಗಳಿಂದ ಒಮ್ಮೆಗೇ ಹೋಲಿಸಬೇಕಾದರೆ ಏನು ಮಾಡುವುದು? ಅಲ್ಲಿ ನಮ್ಮ ನಾಡಿನ ಹೆಸರೊಂದು ಬರುತ್ತದೆ. 1920ರಲ್ಲಿ ಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದು, ಸೂಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ಪರಿಶೀಲಿಸಲು. ಅಲ್ಲಿಯೇ ಫಿಶರ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಪಡೆದರು.